ಮಾವಿನ ದುಡ್ಡು ಬರುವವರೆಗೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಜೂನ್ ತಿಂಗಳಲ್ಲಿ ಯಾರ ಕೈಯಲ್ಲೂ ದುಡ್ಡಿರುವುದಿಲ್ಲ. ಮಾವು ಇನ್ನೂ ಇಳಿಯುತ್ತಿರುತ್ತದೆ, ಮಂಡಿಯ ಲೆಕ್ಕ ಚುಕ್ತಾ ಆಗಿರುವುದಿಲ್ಲ. ನಮ್ಮ ಶಾಲೆ ತೆರೆಯುವುದೂ ಆಗಲೇ. ಮೊದಲ ವರ್ಷ ಪೇಟೆಯ ಶಾಲೆಗಳನ್ನು ನೋಡಿಕೊಂಡು, ಜೂನ್ 15ರೊಳಗೆ ಅರ್ಧ ಫೀಸು ಕಟ್ಟಿ ಅಂತ ಚೀಟಿ ಕಳಿಸಿದೆ. ಆಮೇಲೆ ಎಂಟು ಮಕ್ಕಳು ಬರುವುದನ್ನೇ ಬಿಟ್ಟವು. ಒಬ್ಬ ತಾಯಿ ಸಂತೆಯಲ್ಲಿ ಸಿಕ್ಕಾಗ ಕೇಳಿದೆ. "ದುಡ್ಡು ಕಟ್ದೆ ಮಗೂನ ಹೆಂಗ್ ಕಳಿಸೋದು ಮೇಡಂ? ನಾಚಿಕೆ ಆಗಲ್ವಾ?" ಅಂದರು.

ಮರುವರ್ಷದಿಂದ ಫೀಸು ಕಟ್ಟುವುದು ಆಗಸ್ಟಿಗೆ. ಬಾಕಿ ತಾನಾಗಿಯೇ ಕಮ್ಮಿಯಾಯಿತು.

ಆದರೆ ಟೀಚರ್‌ಗಳ ಸಂಬಳ ಆಗಸ್ಟಿನವರೆಗೆ ಕಾಯುವುದಿಲ್ಲವಲ್ಲ. ನಮ್ಮದು ಅನುದಾನ ರಹಿತ ಶಾಲೆ. ಒಂದನೇ ತಾರೀಕು ಸಂಬಳ ತಪ್ಪಿತೆಂದರೆ ಟೀಚರ್‌ಗೆ ಬೇರೆ ಕಡೆ ಕಣ್ಣು ಹೋಗುತ್ತದೆ, ಅದು ತಪ್ಪೂ ಅಲ್ಲ. ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಬಂದ ಫೀಸಿನಿಂದ ಎರಡು ತಿಂಗಳ ಸಂಬಳವನ್ನು ಬೇರೆ ಖಾತೆಗೆ ಹಾಕತೊಡಗಿದೆ. ಆ ಪಾಸ್‌ಬುಕ್ ನಮ್ಮ ಅತ್ತೆಯ ಬೀರುವಿನಲ್ಲಿ ಇರುತ್ತಿತ್ತು. ನಾನು ಕೇಳಿದರೂ ಕೊಡಬಾರದು ಅಂತ ಮಾತು. ಎರಡು ಸಲ ಕೇಳಿದ್ದೇನೆ, ಕೊಡಲಿಲ್ಲ.

ಮಾನ್ಯತೆ ನವೀಕರಣ, ಅಗ್ನಿ ಸುರಕ್ಷತೆಯ ಪ್ರಮಾಣಪತ್ರ, ಆನ್‌ಲೈನ್ ದಾಖಲಾತಿ, ಇವುಗಳ ಬಗ್ಗೆ ಹೇಳುವುದೇನೂ ಇಲ್ಲ. ಒಂದು ಫೈಲು, ಒಂದು ಬ್ಯಾಗು, ಜಾಸ್ತಿ ತಾಳ್ಮೆ.

ಸಂಬಳ ಸರಿಯಾಗಿ ಕೊಟ್ಟರೆ ಟೀಚರ್ ಉಳಿಯುತ್ತಾರೆ ಅಂದುಕೊಂಡಿದ್ದೆ. ನಾಲ್ಕನೇ ವರ್ಷ ಐವರಲ್ಲಿ ಮೂವರು ಬಿಟ್ಟರು. ಅದರಲ್ಲಿ ಒಬ್ಬರು ನವೆಂಬರಿನಲ್ಲಿ, ನಡುವರ್ಷದಲ್ಲೇ. ಹೊರಡುವಾಗ ಅವರು ಹೇಳಿದ್ದು ಇಷ್ಟೇ: "ನಾನು ಏನ್ ಮಾಡಿದ್ರೂ ನೀವು ಬಂದು ತಿದ್ತೀರಿ ಮೇಡಂ. ತರಗತಿ ನಂದು ಅಂತ ಅನ್ನಿಸೋದೇ ಇಲ್ಲ." ಆ ರಾತ್ರಿ ಊಟ ಸೇರಲಿಲ್ಲ. ನಾನು ಬಾಗಿಲಲ್ಲಿ ನಿಂತು ಬೋರ್ಡಿನ ಕಾಗುಣಿತ ತಿದ್ದುತ್ತಿದ್ದದ್ದು ನಿಜ, ಅದೂ ಮಕ್ಕಳ ಮುಂದೆಯೇ.

ನಮ್ಮ ತಾಲ್ಲೂಕಿನಲ್ಲೇ, ರಾಯಲ್ಪಾಡಿನ ಹತ್ತಿರ, ಶಿಕ್ಷಣತಜ್ಞ ಡೇವಿಡ್ ಹಾರ್ಸ್‌ಬರೋ 1972ರಲ್ಲಿ ನೀಲ್‌ಬಾಗ್ ಶಾಲೆ ಕಟ್ಟಿದ್ದರು. ಅಲ್ಲಿ ಪರೀಕ್ಷೆ ಇರಲಿಲ್ಲ, ದೊಡ್ಡ ಮಕ್ಕಳು ಚಿಕ್ಕ ಮಕ್ಕಳು ಒಟ್ಟಿಗೆ ಕಲಿಯುತ್ತಿದ್ದರು. ಅಂಥ ಶಾಲೆ ನಡೆಸುವ ಧೈರ್ಯ ನನಗಿಲ್ಲ. ನನಗೆ ಹತ್ತಿರವಾದದ್ದು ನಲಿ-ಕಲಿ, ಸರ್ಕಾರಿ ಶಾಲೆಗಳಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಅದರ ಕಾರ್ಡುಗಳನ್ನು ಮಾಡಲು ಕೂತವರು ಸರ್ಕಾರಿ ಶಾಲೆಯ ಮೇಷ್ಟ್ರುಗಳೇ. ಅವರಿಗೆ ಬಿಟ್ಟುಕೊಟ್ಟವರು ಯಾರೋ ಇದ್ದರು, ಅಲ್ವಾ? ನಾನು ಬಿಡುತ್ತಿರಲಿಲ್ಲ.

ಆಮೇಲೆ ಶನಿವಾರದ ಕೂಟ ಶುರುವಾಯಿತು. ಅವತ್ತು ಅರ್ಧ ದಿನ ತರಗತಿ. ಮಕ್ಕಳು ಹೋದ ಮೇಲೆ ಚಾಪೆ ಹಾಸಿ, ಚಿತ್ರಾನ್ನ ಬಡಿಸಿಕೊಂಡು ಎಲ್ಲರೂ ಕೂರುತ್ತೇವೆ. ಒಂದೇ ಒಂದು ಮಗುವಿನ ವಿಷಯ. ಯಾವ ಮಗು ಅಂತ ಆಯಾ ಟೀಚರ್ ಹೇಳಬೇಕು. ನಾನು ಕೊನೆಗೆ ಮಾತಾಡಬೇಕು, ಇದು ಅವರೇ ಹಾಕಿದ ಷರತ್ತು.

ಒಂದು ಶನಿವಾರ ಎರಡನೇ ತರಗತಿಯ ಹುಡುಗಿಯ ಸರದಿ. ಮನೆಮಾತು ತೆಲುಗು, ನಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳದ್ದೂ ಅದೇ. "ಸಲೀಸಾಗಿ ಓದ್ತಾಳೆ, ಆದ್ರೂ ಏನೋ ಸರಿಯಿಲ್ಲ" ಅಂದರು ಟೀಚರ್. ಅಣ್ಣನಿಗೆ ಕಾಯುತ್ತಾ ಅಂಗಳದಲ್ಲೇ ಇದ್ದಳು, ಕರೆದೆವು. ಇಡೀ ಪುಟವನ್ನು ರಾಗವಾಗಿ ಓದಿ ಮುಗಿಸಿದಳು. ಬೆರಳು ಮಾತ್ರ ಇನ್ನೂ ಎರಡನೇ ಸಾಲಿನಲ್ಲಿತ್ತು! ಟೀಚರ್ ಅಂಗೈಯಿಂದ ಪುಟ ಮುಚ್ಚಿ 'ಅಕ್ಕ' ಅನ್ನುವ ಪದವನ್ನಷ್ಟೇ ಬಿಟ್ಟರು. ಹುಡುಗಿ ಚಾವಣಿ ನೋಡಿದಳು. ಪಾಠವೆಲ್ಲ ಬಾಯಿಪಾಠ, ಅಕ್ಷರ ಗೊತ್ತೇ ಇಲ್ಲ.

ದಾರಿ ಹುಡುಕಿದ್ದೂ ಟೀಚರೇ. ಸೋಮವಾರದಿಂದ ಅವಳು ಹೇಳಿದ್ದನ್ನೇ ಬರೆದು ಅವಳಿಗೇ ಓದಿಸುವುದು. ಮೊದಲ ಕಾರ್ಡು: "ನಮ್ಮ ಮೇಕೆ ನೀಳ್ಳು ಕುಡಿತು." ತೆಲುಗಿನ ನೀಳ್ಳು, ಹಾಗೇ ಬರೆದಿದ್ದರು. ನನ್ನ ಕೈ ಪೆನ್ನಿಗೆ ಹೋಯಿತು. ಸುಮ್ನೆ ವಾಪಸ್ ತೆಗೆದುಕೊಂಡೆ. ಮೂರು ವಾರವಾದ ಮೇಲೆ ಹುಡುಗಿಯೇ ಕಾರ್ಡು ಹಿಡಿದುಕೊಂಡು ಬಂದಳಂತೆ: "ಮಿಸ್, ಬುಕ್ಕಲ್ಲಿ ನೀರು ಅಂತ ಐತೆ. ನೀವು ತಪ್ಪು ಬರ್ದಿದೀರ."

ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಟೀಚರ್. ನಾವು 22ಕ್ಕೆ ನಿಲ್ಲಿಸಿದ್ದೇವೆ. ಇದರಿಂದ ನಷ್ಟವೇ. ಆದರೆ ಅದಕ್ಕಿಂತ ಜಾಸ್ತಿಯಾದರೆ ಯಾರ ಬೆರಳು ಯಾವ ಸಾಲಿನಲ್ಲಿದೆ ಅಂತ ಕಾಣುವುದಿಲ್ಲ.

ಕಾರ್ಡು ಬರೆದ ಆ ಟೀಚರ್ ನಮ್ಮಲ್ಲಿ ಏಳು ವರ್ಷ ಇದ್ದರು. ಈಗ ಸರ್ಕಾರಿ ಶಾಲೆಗೆ ಆಯ್ಕೆಯಾಗಿದ್ದಾರೆ, ಜೂನಿಗೆ ಹೊರಡುತ್ತಾರೆ. ಕಾರ್ಡುಗಳ ಡಬ್ಬ ಇಲ್ಲೇ ಬಿಟ್ಟು ಹೋಗುತ್ತಾರಂತೆ. ಕಳೆದ ಶನಿವಾರ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಬಾಯಿ ನೋಡ್ಬೇಡಿ, ಬೆರಳು ನೋಡಿ" ಅನ್ನುತ್ತಿದ್ದರು. ನನಗೂ ಒಂದು ಮಾತು ಸೇರಿಸಬೇಕು ಅನ್ನಿಸಿತು. ಎದ್ದು ಚಿತ್ರಾನ್ನದ ಪಾತ್ರೆ ತರಲು ಹೋದೆ.