ಶಿನ್ಯಾಂಗಾದಲ್ಲಿ ಹತ್ತಿಕಾಳು ಎಣ್ಣೆ ತೆಗೆದದ್ದು

ತಾಂಜಾನಿಯಾದಲ್ಲಿ ಹತ್ತಿ ಮುಖ್ಯವಾಗಿ ಬೆಳೆಯುವುದು ವಿಕ್ಟೋರಿಯಾ ಸರೋವರದ ದಕ್ಷಿಣ, ಪೂರ್ವ ದಿಕ್ಕಿನ ಸೀಮೆಯಲ್ಲಿ. ಸಿಮಿಯು, ಶಿನ್ಯಾಂಗಾ, ಮ್ವಾಂಜಾ, ಗೈಟಾ, ಮಾರಾ. ಅದರಲ್ಲೂ ಸಿಮಿಯುವಿನದು ದೊಡ್ಡ ಪಾಲು. ನಾನು ಕೆಲಸ ಮಾಡಿದ್ದು ಶಿನ್ಯಾಂಗಾ ಊರ ಹೊರಗಿನ ಒಂದು ಎಣ್ಣೆ ಮಿಲ್ಲಿನಲ್ಲಿ. ರಾಯಚೂರಿನಲ್ಲಿ ಎಣ್ಣೆ ಹಿಂಡುವ ಯಂತ್ರವಾದ ಎಕ್ಸ್‌ಪೆಲ್ಲರ್ ಮೇಲೆ ಕೈ ಪಳಗಿಸಿಕೊಂಡು ಹೋದವನು. ಅಲ್ಲಿ ಹೋಗಿ ನೋಡಿದರೆ ಅದೇ ಲೂಧಿಯಾನದ ಎಕ್ಸ್‌ಪೆಲ್ಲರ್ ನಿಂತಿತ್ತು! ಹಾಗಾಗಿ ಯಂತ್ರ ನನಗೆ ಹೊಸದಲ್ಲ. ಹೊಸದಾಗಿ ಅರ್ಥ ಮಾಡಿಕೊಳ್ಳಬೇಕಾದದ್ದು ಕಾಳು ಬರುವ ದಾರಿ.

ಈ ಧಂದೆಗೆ ಇಳಿಯುವವರು ಮೊದಲು ಕೇಳುವುದು ಯಾವ ಮಷಿನ್ ಹಾಕೋಣ ಅಂತ. ನನ್ನನ್ನು ಕೇಳಿದರೆ ಮಷಿನ್ ಆಮೇಲೆ. ಮೊದಲು ಕಾಳು ಒಣಗಿದೆಯಾ ನೋಡಿ.

ಅಲ್ಲಿ ಹತ್ತಿ ಪೂರ್ತಿ ಮಳೆ ಮೇಲೆ. ನವೆಂಬರ್, ಡಿಸೆಂಬರ್‌ನಲ್ಲಿ ಬಿತ್ತುತ್ತಾರೆ. ಮೇ, ಜೂನ್‌ನಲ್ಲಿ ಬಿಡಿಸಲು ಶುರು. ಸುಕುಮಾ ಜನರೇ ಜಾಸ್ತಿ, ಒಂದೆರಡು ಎಕರೆಯ ಸಣ್ಣ ರೈತರು. ಎತ್ತಿನ ನೇಗಿಲು, ಕೈಗುದ್ದಲಿ ಇಷ್ಟೇ ಸಲಕರಣೆ. ತಗ್ಗಿನಲ್ಲಿ ನಮ್ಮ ಎರೆಯಂಥದೇ ಕಪ್ಪು ಮಣ್ಣು, ಏರಿನಲ್ಲಿ ಮರಳು ಮಣ್ಣು. ಬಿಟಿ ಹತ್ತಿ ಇಲ್ಲ. ಮ್ವಾಂಜಾ ಹತ್ತಿರದ ಉಕಿರಿಗುರು ಸಂಶೋಧನಾ ಕೇಂದ್ರದವರು ಕೊಟ್ಟ ಯುಕೆ 91, ಯುಕೆಎಂ 08 ತಳಿಗಳನ್ನು ನಾನಿದ್ದಾಗ ಹಾಕುತ್ತಿದ್ದರು. ಕಾಯಿಕೊರಕಕ್ಕೆ ಔಷಧಿ ಹೊಡೆಯದೆ ಗತಿಯಿಲ್ಲ. ಹುಳ ಮುಂದಿನ ವರ್ಷಕ್ಕೆ ಉಳಿಯದಿರಲಿ ಅಂತ, ಬಿಡಿಸಿದ ಮೇಲೆ ಗಿಡ ಕಿತ್ತು ಸುಡಬೇಕು ಎಂಬ ಕಾನೂನೂ ಇದೆ.

ಬಿಡಿಸುವುದೆಲ್ಲ ಕೈಯಲ್ಲೇ. ಹಾಗಾಗಿ ಕಸ ಕಡಿಮೆ. ರೈತರು ಹತ್ತಿಯನ್ನು ಎರಡು ದರ್ಜೆಯಾಗಿ ಬೇರೆ ಮಾಡುತ್ತಾರೆ: ಬಿಳಿಯ ಚೊಕ್ಕ ಹತ್ತಿ 'ಎ', ಕಲೆ ಬಿದ್ದದ್ದು 'ಬಿ'. ಮನೆಯ ಒಂದು ಮೂಲೆಯಲ್ಲಿ ಒಟ್ಟಿಟ್ಟು, ಖರೀದಿ ಶುರುವಾದ ಮೇಲೆ ಸಹಕಾರ ಸಂಘಕ್ಕೆ ತರುತ್ತಾರೆ. ಈ ಸಂಘಗಳಿಗೆ ಅಲ್ಲಿ 'ಆಮ್ಕೋಸ್' ಅಂತ ಹೆಸರು. ಎಡವಟ್ಟು ಆಗುವುದು ಇಲ್ಲೇ. ತೂಕ ಹೆಚ್ಚಲಿ ಅಂತ ಕೆಲವರು ಹತ್ತಿಗೆ ನೀರು ಚಿಮುಕಿಸುತ್ತಾರೆ, ಮರಳು ಸೇರಿಸುತ್ತಾರೆ. ರೈತರನ್ನೇ ಬೈದು ಪ್ರಯೋಜನವಿಲ್ಲ. ತಕ್ಕಡಿಯಲ್ಲಿ ಮೋಸವಾಗಬಹುದು ಅಂತ ಅವರಿಗೂ ಗುಮಾನಿ ಇರುತ್ತದೆ, ನಡುವಿನ ದಲ್ಲಾಳಿಯೂ ಕೈಯಾಡಿಸುತ್ತಾನೆ. ಯಾರು ಹಾಕಿದರೇನು, ಆ ನೀರು ಅರಳೆಯಲ್ಲಿ ನಿಲ್ಲುವುದಿಲ್ಲ. ಕಾಳಿಗೆ ಇಳಿಯುತ್ತದೆ. ಅಲ್ಲಿಂದ ನನ್ನ ಎಣ್ಣೆಗೆ.

ಅರಳೆ, ಕಾಳು ಬೇರೆ ಮಾಡುವ ಜಿನ್ನಿನಲ್ಲಿ 100 ಕೆ.ಜಿ. ಹತ್ತಿ ಹಾಕಿದರೆ 35 ಕೆ.ಜಿ. ಹತ್ತಿರ ಅರಳೆ, 60ರ ಮೇಲೆ ಕಾಳು. ಅದರಲ್ಲಿ ಬಿತ್ತನೆಗೆ ಬೇಕಾದದ್ದನ್ನು ತೆಗೆದಿಟ್ಟು ಉಳಿದದ್ದು ಎಣ್ಣೆ ಮಿಲ್ಲಿಗೆ. ಜಿನ್ ನಡೆಯುವುದು ಕೆಲವೇ ತಿಂಗಳು, ನಮಗೆ ಮಿಲ್ ಅದಕ್ಕಿಂತ ಜಾಸ್ತಿ ದಿನ ಓಡಬೇಕು. ಅಂದರೆ ಕಾಳು ಕೂಡಿಡಲೇಬೇಕು. ತೇವ ಶೇಕಡ 10 ದಾಟಿದ ಕಾಳನ್ನು ಎತ್ತರಕ್ಕೆ ಒಟ್ಟಿದರೆ ತಾನಾಗಿ ಬಿಸಿಯಾಗುತ್ತದೆ. ಉದ್ದನೆ ಕಬ್ಬಿಣದ ಸರಳನ್ನು ರಾಶಿಯೊಳಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಎಳೆದು ಅಂಗೈಗೆ ಹಿಡಿಯುವುದು ನನ್ನ ಬೆಳಗಿನ ಮೊದಲ ಕೆಲಸ. ಸರಳು ಬೆಚ್ಚಗಾಗಿದ್ದರೆ ಆ ರಾಶಿಯನ್ನು ಅವತ್ತೇ ಒಡೆದು ಹರಡಬೇಕು. ಜೂನ್‌ನಿಂದ ಅಲ್ಲಿ ಒಳ್ಳೆ ಒಣ ಬಿಸಿಲು, ಅದೊಂದು ಪುಣ್ಯ.

ಲಾರಿ ಬಂದಾಗ ಇನ್ನೊಂದು ಪರೀಕ್ಷೆ ಮಾಡುತ್ತಿದ್ದೆ. ಬೇರೆ ಬೇರೆ ಚೀಲದಿಂದ ಒಂದು ಹಿಡಿ ಕಾಳು ತೆಗೆದು ಬ್ಲೇಡಿನಿಂದ ಅಡ್ಡ ಸೀಳುವುದು. ಒಳ್ಳೆ ಕಾಳಿನ ತಿರುಳು ಕೆನೆಬಣ್ಣ, ನಡುನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಆ ಚುಕ್ಕೆಗಳೇ ಗಾಸಿಪಾಲ್ ಎಂಬ ವಿಷದ ಗಂಟುಗಳು, ಅವು ಇರುವುದು ಸಹಜ. ತಿರುಳೇ ಕಂದಾಗಿದ್ದರೆ ಕಾಳು ಒಳಗೇ ಕಾವೇರಿದೆ ಅಂತ ಲೆಕ್ಕ. ಅಂಥವು ಜಾಸ್ತಿ ಕಂಡರೆ ದರ ಇಳಿಸು, ಇಲ್ಲವಾದರೆ ಲಾರಿ ತಿರುಗಿಸು. "ಫುಂಡಿ, ಒಂದು ಕಾಳು ನೋಡಿ ಇಡೀ ಲಾರಿ ಬೇಡ ಅಂತೀಯಾ?" ಅಂತ ಡ್ರೈವರ್‌ಗಳು ರೇಗುತ್ತಿದ್ದರು. ಮೇಸ್ತ್ರಿ, ಮೆಕ್ಯಾನಿಕ್ ಯಾರಿದ್ದರೂ ಅಲ್ಲಿ ಫುಂಡಿಯೇ. ಸೀಳಿದ ಕಾಳನ್ನು ಅವರ ಕೈಗೇ ಕೊಟ್ಟು ನೋಡಿ ಅಂದರೆ ಜಗಳ ಅರ್ಧಕ್ಕೆ ನಿಲ್ಲುತ್ತಿತ್ತು.

ಅರೆಯುವುದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಿಪ್ಪೆ ತೆಗೆಯದೆ ಇಡೀ ಕಾಳನ್ನೇ ಹಬೆಯಲ್ಲಿ ಬೇಯಿಸಿ ಹಿಂಡಿದರೆ 100 ಕೆ.ಜಿ.ಗೆ 10ರಿಂದ 12 ಕೆ.ಜಿ. ಎಣ್ಣೆ. ಕಾಳಿನ ಮೇಲಿನ ನವಿರು ಎಳೆಗಳು ಎಣ್ಣೆ ಕುಡಿಯುತ್ತವೆ, ಜೊತೆಗೆ ಎಕ್ಸ್‌ಪೆಲ್ಲರ್‌ನಲ್ಲಿ ತಿರುಗುತ್ತಾ ಕಾಳು ಒತ್ತುವ ವರ್ಮ್‌ಗಳನ್ನೂ ಬೇಗ ಸವೆಸುತ್ತವೆ. ಸಿಪ್ಪೆ ಒಡೆದು ಬೇರೆ ಮಾಡಿದರೆ ಇಳುವರಿ ಚೆನ್ನಾಗಿರುತ್ತದೆ. ಆದರೆ ಪೂರ್ತಿ ತೆಗೆಯಬೇಡಿ. ಸಿಪ್ಪೆ ಸ್ವಲ್ಪವೂ ಇಲ್ಲದ ತಿರುಳು ಎಕ್ಸ್‌ಪೆಲ್ಲರ್‌ನಲ್ಲಿ ಹಿಡಿತ ಸಿಗದೆ ಜಾರುತ್ತದೆ. ಉಳಿದ ಸಿಪ್ಪೆ ಬಾಯ್ಲರ್‌ಗೆ ಉರುವಲು. ಸವೆದ ವರ್ಮ್‌ಗಳಿಗೆ ವೆಲ್ಡಿಂಗ್ ತುಂಬಿ ಗ್ರೈಂಡ್ ಮಾಡಿಕೊಳ್ಳುವುದನ್ನು ಅಲ್ಲಿನ ಹುಡುಗರಿಗೆ ಕಲಿಸಿದೆ. ಇಂಡಿಯಾದಿಂದ ಸ್ಪೇರ್ ಬರುವವರೆಗೆ ಸುಮ್ನೆ ಕೂರಲಾಗುವುದಿಲ್ಲ ಅಲ್ವಾ?

ನಿಜವಾದ ಕೆಲಸ ರಿಫೈನಿಂಗ್‌ನಲ್ಲಿ. ಶೇಂಗಾ ಎಣ್ಣೆಯ ಹಾಗೆ ಸೋಸಿ ಮಾರುವ ಎಣ್ಣೆ ಅಲ್ಲ ಇದು. ಹಿಂಡಿದ ಎಣ್ಣೆ ಹಳೆ ಎಂಜಿನ್ ಆಯಿಲ್‌ನಂತೆ ಕಪ್ಪು ಕೆಂಪು. ಗಾಸಿಪಾಲ್ ಅದರಲ್ಲೇ ಇರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ತೊಳೆಯದೆ ಅಡುಗೆಗೆ ಕೊಡಬಾರದು. ಹಿಂಡಿದ ಎಣ್ಣೆಯನ್ನು ಬಿಸಿಯಾಗಿಯೇ ದಿನಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಬಣ್ಣ ಕಚ್ಚಿಕೊಳ್ಳುತ್ತದೆ. ಆಮೇಲೆ ಬಣ್ಣ ಹೀರುವ ಬ್ಲೀಚಿಂಗ್ ಮಣ್ಣು ಎಷ್ಟು ಹಾಕಿದರೂ ಬಿಡುವುದಿಲ್ಲ. ಆದ್ದರಿಂದ ಬೇಗ ತಣ್ಣಗಾಗಿಸಿ, ಬೇಗ ರಿಫೈನ್ ಮಾಡುವುದು ನನ್ನ ಪದ್ಧತಿ.

ಸೋಡಾ ಎಷ್ಟು ಹಾಕಬೇಕು ಅನ್ನುವುದಕ್ಕೆ ಮೊದಲು ಎಣ್ಣೆಯ ಆಮ್ಲ ಅಳೆಯಬೇಕು. ಕಾಳು ಒದ್ದೆಯಾಗಿ ಕಾವೇರಿದಷ್ಟೂ ಈ ಆಮ್ಲ ಜಾಸ್ತಿ. ಗಾಢ ಬಣ್ಣದ ಎಣ್ಣೆಯಲ್ಲಿ, ಅಳತೆ ಮುಗಿದದ್ದನ್ನು ತೋರಿಸುವ ಫೀನಾಫ್ತಲೀನ್‌ನ ಗುಲಾಬಿ ಕಾಣುವುದೇ ಕಷ್ಟ. ನಾನು ಎಣ್ಣೆ ಕಡಿಮೆ, ಆಲ್ಕೋಹಾಲ್ ಜಾಸ್ತಿ ಹಾಕಿ ಅಲ್ಲಾಡಿಸಿ, ಮೇಲೆ ನಿಲ್ಲುವ ಆಲ್ಕೋಹಾಲ್ ಪದರದಲ್ಲಿ ಬಣ್ಣ ನೋಡುತ್ತಿದ್ದೆ. ಒಂದು ಟನ್ ಎಣ್ಣೆಯಲ್ಲಿ ಆಮ್ಲ ಶೇಕಡ 3 ಇದ್ದರೆ ಅದು 30 ಕೆ.ಜಿ. ಒಂದು ಕೆ.ಜಿ. ಆಮ್ಲಕ್ಕೆ 0.142 ಕೆ.ಜಿ. ಲೆಕ್ಕದಲ್ಲಿ ಗುಣಿಸಿದರೆ ಸುಮಾರು 4.3 ಕೆ.ಜಿ. ಕಾಸ್ಟಿಕ್. ಬೇರೆ ಎಣ್ಣೆಗಳಿಗೆ ಇದರ ಮೇಲೆ ಸ್ವಲ್ಪ ಹಾಕಿದರೆ ನಡೆಯುತ್ತದೆ. ಹತ್ತಿಕಾಳು ಎಣ್ಣೆಗೆ ಬಣ್ಣವನ್ನೂ ಹಿಡಿದು ಇಳಿಸಬೇಕಲ್ಲ, ಇನ್ನೊಂದು 2-3 ಕೆ.ಜಿ. ಬೇಕು. ನೀರಲ್ಲಿ ಕರಗಿಸಿ, ತಣ್ಣಗಿನ ಎಣ್ಣೆಗೆ ನಿಧಾನ ಹಾಕುತ್ತಾ ಜೋರಾಗಿ ಕಲಕಬೇಕು. ಆಮೇಲೆ ಕಲಕುವ ವೇಗ ಇಳಿಸಿ 60-65 ಡಿಗ್ರಿಗೆ ಏರಿಸಬೇಕು. ಆಗ ನೋಡಬೇಕು: ಮೊದಲು ಕೆಸರಿನ ಹಾಗೆ ಕದಡಿದ್ದ ಎಣ್ಣೆಯಲ್ಲಿ ಸಣ್ಣ ಸಣ್ಣ ಕಂದು ಗರಣೆ ಕಟ್ಟುತ್ತವೆ, ಚಮಚದಲ್ಲಿ ತೆಗೆದರೆ ಅವುಗಳ ನಡುವೆ ಹೊಂಬಣ್ಣದ ತಿಳಿ ಎಣ್ಣೆ ಕಾಣುತ್ತದೆ. ಅಷ್ಟಾದರೆ ಕಲಕುವುದು ಬಂದ್. ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಕೆಳಗಿನ ಗಸಿ ಬಿಡಿಸಿ, ಬಿಸಿನೀರಲ್ಲಿ ತೊಳೆದು, ಒಣಗಿಸಿ, ಬ್ಲೀಚಿಂಗ್ ಮಣ್ಣು ಹಾಕಿ ಫಿಲ್ಟರ್ ಪ್ರೆಸ್‌ಗೆ. ವಾಸನೆ ತೆಗೆಯುವುದು ಅದಾದ ಮೇಲೆ.

ಲೆಕ್ಕ ಹಾಕಿ ನೋಡಿ. ಆಮ್ಲ ಎಷ್ಟಿದೆಯೋ ಅದರ ಎರಡು ಪಟ್ಟಿಗೂ ಜಾಸ್ತಿ ಎಣ್ಣೆ ಗಸಿಯ ಜೊತೆ ಹೋಗುತ್ತದೆ. ಯಾರೋ ಹಳ್ಳಿಯಲ್ಲಿ ಚಿಮುಕಿಸಿದ ನೀರಿಗೆ ನಾವು ಇಲ್ಲಿ ಎಣ್ಣೆಯಲ್ಲಿ ದುಡ್ಡು ಕಟ್ಟುತ್ತೇವೆ. ಮಾಲೀಕರಿಗೆ ಇದನ್ನು ಕಾಗದದ ಮೇಲೆ ತೋರಿಸಿದ ಮೇಲೆ, ಒಣ ಕಾಳಿಗೆ ನಾಲ್ಕು ಕಾಸು ಹೆಚ್ಚು ಕೊಡಲು ಒಪ್ಪಿದರು. ಒಳ್ಳೆ ಲಾರಿಗಳು ತಾವಾಗಿಯೇ ನಮ್ಮ ಗೇಟಿಗೆ ಬರಲು ಶುರುವಾದವು.

ಮಾರುವಾಗಿನ ತಕರಾರು ಬೇರೆ. ಅಲ್ಲಿ ಜೂನ್, ಜುಲೈ ಬೆಳಗಿನ ಜಾವ ಚಳಿ. ಹತ್ತಿಕಾಳು ಎಣ್ಣೆಯಲ್ಲಿ ಸುಮಾರು ಕಾಲು ಭಾಗ ಪಾಲ್ಮಿಟಿಕ್ ಆಮ್ಲ, ತಂಪಿಗೆ ಮೋಡ ಕಟ್ಟಿದಂತೆ ಬೆಳ್ಳಗಾಗುತ್ತದೆ. ಗಿರಾಕಿ ಕಲಬೆರಕೆ ಅಂತಾನೆ. ಚಿಲ್ಲರ್ ಹಾಕುವಷ್ಟು ಬಂಡವಾಳ ನಮಗಿರಲಿಲ್ಲ. ಹೊರಗಿನ ಟ್ಯಾಂಕಿನಲ್ಲಿ ರಾತ್ರಿ ಇಟ್ಟು ಸೂರ್ಯ ಏರುವ ಮೊದಲೇ ಬೆಳ್ಳಗಾದದ್ದನ್ನು ಸೋಸಿ ತೆಗೆಯುತ್ತಿದ್ದೆವು. ಪೂರ್ತಿ ಹೋಗಲಿಲ್ಲ, ತಕರಾರು ಮಾತ್ರ ಕಡಿಮೆಯಾಯಿತು. ಪೇಟೆಯಲ್ಲಿ ಹೊರದೇಶದ ತಾಳೆಎಣ್ಣೆ, ಸಿಂಗಿಡಾ ಕಡೆಯ ಸೂರ್ಯಕಾಂತಿ ಎಣ್ಣೆ ಎರಡರ ಜೊತೆಗೂ ಪೈಪೋಟಿ.

ಹಿಂಡಿಗೆ ಮಾತ್ರ ಗಿರಾಕಿ ಹುಡುಕುವ ಪ್ರಮೇಯವೇ ಬರಲಿಲ್ಲ. ಸುಕುಮಾ ಸೀಮೆ ಅಂದರೆ ದನಗಳ ಸೀಮೆ. ಮಳೆಯಿಲ್ಲದ ತಿಂಗಳುಗಳಲ್ಲಿ ದನ ಕೊಬ್ಬಿಸುವವರು 'ಮಾಶೂಡು' (ಹಿಂಡಿಗೆ ಅಲ್ಲಿನ ಹೆಸರು) ಬೇಕು ಅಂತ ಸೈಕಲ್, ಗಾಡಿ ತಂದು ಕಾಯುತ್ತಿದ್ದರು. ದೊಡ್ಡ ದನಕ್ಕೆ ಅಳತೆಯಲ್ಲಿ ಹಾಕಿದರೆ ತೊಂದರೆಯಿಲ್ಲ, ಅದರ ಹೊಟ್ಟೆ ಗಾಸಿಪಾಲ್ ತಡೆದುಕೊಳ್ಳುತ್ತದೆ. ಎಳೆಗರುವಿಗೆ, ಹಂದಿಗೆ, ಕೋಳಿಗೆ ಬೇಡ. ಮೊಟ್ಟೆ ಕೋಳಿಗೆ ಹಾಕಿದರೆ ಹಳದಿ ಭಾಗ ಹಸಿರು ಮಿಶ್ರಿತ ಕಂದಾಗುತ್ತದೆ, ಮೊಟ್ಟೆ ಯಾರೂ ಕೊಳ್ಳುವುದಿಲ್ಲ. ಇದನ್ನು ತೂಕ ಮಾಡುವ ಹುಡುಗನಿಗೆ ಹೇಳಿಕೊಟ್ಟಿದ್ದೆ. ಚೀಲ ಕಟ್ಟುವಾಗ ಪ್ರತಿಯೊಬ್ಬರನ್ನೂ ಮನೆಯಲ್ಲಿ ಕೋಳಿ ಸಾಕಿದ್ದೀರಾ ಅಂತ ಕೇಳಿಯೇ ಕೊಡುತ್ತಿದ್ದ.