ಸಿರಿಂಜ್ ಪಂಪ್ ತಡವಾಗಿ ಹನಿ ಬಿಡುತ್ತಿದ್ದದ್ದು ಹೀಗೆ ಸರಿಹೋಯಿತು

ಲ್ಯಾಬಿಗೆಂದು ಕಟ್ಟಿದ ಸಿರಿಂಜ್ ಪಂಪಿನಲ್ಲಿ (ಮೋಟರಿನಿಂದ ಸಿರಿಂಜನ್ನು ನಿಧಾನವಾಗಿ ತಳ್ಳಿ ದ್ರವ ಬಿಡುವ ಸಾಧನ) ಮೋಟರ್ ತಿರುಗಿದರೂ ಮೊದಲ ಒಂದು ನಿಮಿಷ ಸೂಜಿ ತುದಿಯಲ್ಲಿ ಹನಿಯೇ ಇಲ್ಲ. ಪ್ರೋಗ್ರಾಂ, ಮೋಟರ್ ಓಡಿಸುವ ಡ್ರೈವರ್ ಸರ್ಕ್ಯೂಟ್ ಎರಡೂ ಸರಿಯಿದ್ದವು. ಪ್ಲಂಜರ್ ತಳ್ಳುವ ಕ್ಯಾರೇಜನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿದೆ: ಸಣ್ಣ ಚಲನೆ ಅಳೆಯುವ ಡಯಲ್ ಗೇಜಿನಲ್ಲಿ 0.1 ಮಿ.ಮೀ. ಆಟ, ಅಂದರೆ ಸಡಿಲು! 15 ಮಿ.ಮೀ. ಒಳವ್ಯಾಸದ ಸಿರಿಂಜಿನಲ್ಲಿ ಅದು ಸುಮಾರು 18 ಮೈಕ್ರೋಲೀಟರ್. ಗಂಟೆಗೆ 1 ಮಿ.ಲೀ. ವೇಗದಲ್ಲಿ ಹೆಚ್ಚುಕಡಿಮೆ ಒಂದು ನಿಮಿಷದ ಹರಿವು. ಲೆಕ್ಕ ತಾಳೆಯಾಯಿತು.

ಲೀಡ್ ಸ್ಕ್ರೂವಿನ (ತಿರುಗಿ ಕ್ಯಾರೇಜನ್ನು ಜರುಗಿಸುವ ಉದ್ದ ತಿರುಪು) ಒಂಟಿ ಹಿತ್ತಾಳೆ ನಟ್ ತೆಗೆದು, ಸಡಿಲು ಉಳಿಯದಂತೆ ನಡುವೆ ಸ್ಪ್ರಿಂಗ್ ಇರುವ ಜೋಡಿ ನಟ್ ಹಾಕಿದೆ. ಸ್ಪ್ರಿಂಗ್ ತೀರಾ ಬಿಗಿಯಾದರೆ ಮೋಟರ್ ಸ್ಟೆಪ್ ತಪ್ಪುತ್ತದೆ, ಅಂದರೆ ತಿರುಗಬೇಕಾದಷ್ಟು ತಿರುಗುವುದಿಲ್ಲ, ಗಮನವಿರಲಿ. ನಟ್ ಒಂದೇ ಸಾಲದು: ಪ್ಲಂಜರಿನ ರಬ್ಬರ್ ಮೊದಲು ಅಮುಕಿಕೊಂಡು ಆಮೇಲೆ ಜರುಗುತ್ತದೆ. ಅದಕ್ಕೇ ಹನಿ ಕಾಣುವವರೆಗೆ ಪಂಪನ್ನು ಮುಂದಕ್ಕೆ ಓಡಿಸಿ, ಆಮೇಲೆಯೇ ಎಣಿಕೆ ಶುರುವಾಗುವಂತೆ ಮಾಡಿದೆ.