ಮೆನು ಬರೆದೆ, ಕ್ಲಾಸ್ ಬರೆದೆ, ಎರಡೂ ಮಾತಾಡಲೇ ಇಲ್ಲ

ಬಿಸಿಎ ಓದುವಾಗ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಮಿನಿ ಪ್ರಾಜೆಕ್ಟ್ ಮಾಡಬೇಕಿತ್ತು. ನಮ್ಮ ತರಗತಿಯ ಅರ್ಧ ಜನ ಲೈಬ್ರರಿ, ಇನ್ನರ್ಧ ಬ್ಯಾಂಕ್. ನಮ್ಮ ಮಾವಂದು ಗಂಗಾವತಿ ಎಪಿಎಂಸಿಯಲ್ಲಿ ದಲಾಲಿ ಅಂಗಡಿ, ಭತ್ತದ ಲೆಕ್ಕವೆಲ್ಲ ಕೆಂಪು ರಟ್ಟಿನ ಪುಸ್ತಕದಲ್ಲೇ. ಅದನ್ನೇ ಪ್ರೋಗ್ರಾಂ ಮಾಡೋಣ ಅಂದುಕೊಂಡೆ.

ಕ್ಲಾಸ್, ಅಂದರೆ ಒಂದು ವಿಷಯದ ಮಾಹಿತಿ, ಅದರ ಕೆಲಸ ಎರಡನ್ನೂ ಒಟ್ಟಿಗೆ ಇಡೋ ಅಚ್ಚು, ಬರೆಯೋದು ಸಲೀಸಾಗಿ ಆಯಿತು. 'ರೈತ' ಅಂತ ಒಂದು: ಹೆಸರು, ಊರು, ತಗೊಂಡ ಮುಂಗಡ. 'ಲೋಡ್' ಅಂತ ಇನ್ನೊಂದು: ಎಷ್ಟು ಚೀಲ, ಚೀಲಕ್ಕೆ ಎಷ್ಟು ದರ. ನಮ್ಮ ಕಡೆ ಭತ್ತದ ಚೀಲ 75 ಕೆಜಿ ಲೆಕ್ಕ, ಹಾಗಾಗಿ 40 ಚೀಲ ಅಂದರೆ 30 ಕ್ವಿಂಟಲ್ ಅನ್ನೋ ಗುಣಾಕಾರವೂ ಅದರೊಳಗೇ. ರೈತರನ್ನೆಲ್ಲ ಬೇಕಾದಷ್ಟು ಬೆಳೆಯೋ ಪಟ್ಟಿಯಾದ ಒಂದು ಅರೇಲಿಸ್ಟ್‌ನಲ್ಲಿ ಇಟ್ಟುಕೊಳ್ಳೋಕೆ 'ಖಾತೆ' ಅನ್ನೋ ಮೂರನೇ ಕ್ಲಾಸ್.

ಮೆನುನೂ ಸುಲಭವೇ. 1 ಹೊಸ ರೈತ, 2 ಚೀಲ ಬರೆ, 3 ಬಾಕಿ ನೋಡು, 4 ಸಾಕು. ಮೆನುವನ್ನು ಮತ್ತೆ ಮತ್ತೆ ತೋರಿಸೋಕೆ ಒಂದು ವೈಲ್ ಲೂಪ್, ಒಳಗೆ ಒತ್ತಿದ ನಂಬರಿಗೆ ತಕ್ಕ ಭಾಗವನ್ನು (ಕೇಸ್) ನಡೆಸೋ ಸ್ವಿಚ್.

ಎಡವಿದ್ದು ಇವೆರಡನ್ನೂ ಜೋಡಿಸುವಾಗ. 1 ಒತ್ತಿ ಹೆಸರು ಹಾಕಿದರೆ 'ಸೇರಿಸಲಾಗಿದೆ' ಅನ್ನುತ್ತೆ, 3 ಒತ್ತಿದರೆ ಯಾರೂ ಇಲ್ಲ! ಪಕ್ಕದಲ್ಲೇ ಕೂತು ನೋಡುತ್ತಿದ್ದ ಮಾವ, 'ಈಗ ಬರೆಸಿದ್ದು ಎಲ್ಲಿ ಹೋತಲೇ?' ಅಂದರು. ಎರಡು ದಿನ ಸಂಜೆ ಅದರಲ್ಲೇ ಹೋಯಿತು. ಕೊನೆಗೆ ಸುಮ್ನೆ ಖಾತೆ ಆಬ್ಜೆಕ್ಟನ್ನೇ (ಕ್ಲಾಸ್ ಅನ್ನೋ ಅಚ್ಚಿನಿಂದ ಮಾಡಿದ ಒಂದು ಪ್ರತಿ) ಪ್ರಿಂಟ್ ಮಾಡಿ ನೋಡಿದೆ. ಆಬ್ಜೆಕ್ಟನ್ನು ಓದೋ ಹಾಗೆ ತೋರಿಸೋ ಟುಸ್ಟ್ರಿಂಗ್ ಬರೆದಿರಲಿಲ್ಲ, ಹಾಗಾಗಿ ಕ್ಲಾಸಿನ ಹೆಸರು, ಒಂದು @ ಗುರುತು, ಅದರ ಮುಂದೆ ಏನೋ ಗೋಜಲು ನಂಬರ್ ಬಂತು. ಆ ನಂಬರ್ 1 ಒತ್ತಿದಾಗ ಒಂದು, 3 ಒತ್ತಿದಾಗ ಬೇರೆ. ಆಗ ಹೊಳೆಯಿತು. ಪ್ರತಿ ಕೇಸ್ ಒಳಗೂ 'ನ್ಯೂ ಖಾತೆ' ಅಂತ ಬರೆದಿದ್ದೆ, ಅಂದರೆ ರೈತ ಬಂದಾಗಲೆಲ್ಲ ಹೊಸ ಪುಸ್ತಕ ತೆಗೆದು ಮೊದಲ ಪುಟದಲ್ಲಿ ಬರೆದು, ಆಮೇಲೆ ಮತ್ತೊಂದು ಖಾಲಿ ಪುಸ್ತಕ ಬಿಚ್ಚಿ ಬಾಕಿ ಹುಡುಕಿದ ಹಾಗೆ.

ಈಗ ಪ್ರೋಗ್ರಾಂ ಶುರುವಾಗೋ ಮೇನ್‌ನಲ್ಲಿ ಒಂದೇ ಸಲ ಖಾತೆ ಹುಟ್ಟುತ್ತೆ. ಅದನ್ನು ಮೆನು ಕ್ಲಾಸಿನ ಆಬ್ಜೆಕ್ಟ್ ಹುಟ್ಟುವಾಗ ನಡೆಯೋ ಕನ್‌ಸ್ಟ್ರಕ್ಟರ್‌ಗೆ ಕೊಡುತ್ತೇನೆ, ಮೆನು ಅದನ್ನು ತನ್ನ ಹತ್ತಿರ ಇಟ್ಟುಕೊಂಡು ಎಲ್ಲ ಕೇಸಿನಲ್ಲೂ ಅದನ್ನೇ ಕರೆಯುತ್ತೆ. ಜೊತೆಗೆ ಒಂದು ಕಟ್ಟುನಿಟ್ಟು ಮಾಡಿಕೊಂಡೆ: ಕೇಳೋದು, ತೋರಿಸೋದು ಮೆನುವಿನ ಕೆಲಸ, ಲೆಕ್ಕ ಖಾತೆಯ ಕೆಲಸ. ಖಾತೆ ಒಳಗೆ ಪ್ರಿಂಟ್ ಸಾಲು ಒಂದೂ ಇಲ್ಲ, ಬಾಕಿ ಎಷ್ಟು ಅಂತ ಸಂಖ್ಯೆ ವಾಪಸ್ ಕೊಟ್ಟು ಸುಮ್ಮನಾಗುತ್ತೆ.

ಕೀಬೋರ್ಡಿನಲ್ಲಿ ಒತ್ತಿದ್ದನ್ನು ಓದೋ ಸ್ಕ್ಯಾನರ್ ಕಾಟ ಬೇರೆ. ನೆಕ್ಸ್ಟ್‌ಇಂಟ್ ನಂಬರ್ ಮಾತ್ರ ಓದಿ, ಆಮೇಲೆ ಒತ್ತಿದ ಎಂಟರ್ ಅನ್ನು ಅಲ್ಲೇ ಬಿಡುತ್ತೆ, ಮುಂದೆ ಇಡೀ ಸಾಲು ಓದೋ ನೆಕ್ಸ್ಟ್‌ಲೈನ್ ಅದನ್ನೇ ನುಂಗಿ ರೈತನ ಹೆಸರು ಖಾಲಿ ಅಂದುಕೊಳ್ಳುತ್ತೆ. ಇನ್ನು ಮಾವ ನಂಬರ್ ಬದಲು ಅಕ್ಷರ ಒತ್ತಿದಾಗ ತಪ್ಪನ್ನು ಹಿಡಿದು ಪ್ರೋಗ್ರಾಂ ಉಳಿಸೋ ಟ್ರೈ-ಕ್ಯಾಚ್ ಇದ್ದರೂ ಮೆನು ನಿಲ್ಲದೆ ಸುರಿಯಿತು, ಯಾಕಂದರೆ ಓದಲಾಗದ ಅಕ್ಷರ ಅಲ್ಲೇ ಕೂತಿರುತ್ತೆ, ಲೂಪ್ ತಿರುಗಿ ಬಂದು ಅದನ್ನೇ ಮತ್ತೆ ಓದೋಕೆ ಹೋಗುತ್ತೆ. ಈಗ ಎಲ್ಲವನ್ನೂ ನೆಕ್ಸ್ಟ್‌ಲೈನ್‌ನಲ್ಲೇ ಓದಿ, ನಂಬರ್ ಬೇಕಾದಲ್ಲಿ ಆ ಅಕ್ಷರಗಳನ್ನು ಸಂಖ್ಯೆಯಾಗಿಸೋ ಪಾರ್ಸ್‌ಇಂಟ್ ಮಾಡುತ್ತೇನೆ. ಸ್ವಿಚ್‌ನಲ್ಲಿ ಒಂದು ಕೇಸ್ ಮುಗಿದಲ್ಲಿ ನಿಲ್ಲಿಸೋ ಬ್ರೇಕ್ ಮರೆತು ಬೈಸಿಕೊಂಡಿದ್ದೂ ಇದೆ. ಜಾವಾ 14ರಿಂದ ಬಾಣದ ಗುರುತಿನ ಸ್ವಿಚ್ ಇದೆ, ಅದಕ್ಕೆ ಬ್ರೇಕ್ ಬೇಡ, ಆದರೆ ನಮ್ಮ ಲ್ಯಾಬಲ್ಲಿ ಇದ್ದದ್ದು ಜಾವಾ 8.

ಆಮೇಲೊಂದು ದಿನ ಮಾವ 'ಇವತ್ತು ಒಟ್ಟು ಎಷ್ಟು ಚೀಲ ಬಂದಾವ, ಅದನ್ನೂ ತೋರಿಸು' ಅಂದರು. ಖಾತೆಗೆ ಆ ಲೆಕ್ಕ ಮಾಡೋ ಒಂದು ಮೆಥಡ್, ಮೆನುಗೆ ಒಂದು ಕೇಸ್, ಚಹಾ ಬರುವಷ್ಟರಲ್ಲಿ ಮುಗಿಯಿತು. ಮಾವ ಖುಷಿಯಾದರು. ಆದರೆ ಪ್ರೋಗ್ರಾಂ ಮುಚ್ಚಿದರೆ ಎಲ್ಲಾ ಅಳಿಸಿಹೋಗುತ್ತೆ, ಫೈಲ್‌ಗೆ ಬರೆಯೋದು ಇನ್ನೂ ಮಾಡಿಲ್ಲ. ಅದಕ್ಕೇ ಕೆಂಪು ಪುಸ್ತಕ ಇನ್ನೂ ಗಾದಿ ಮೇಲೇ ಇದೆ.